ಬ್ಯಾಂಡೇಜಿನ ಆಸ್ಪತ್ರೆ

ಆ ಕಾಂಪೌಂಡರನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಅದು ಅವನ ಸೇವಾ ಪುಸ್ತಕದ ಮೊದಲ ಪುಟದಲ್ಲಿ ಸುರಕ್ಷಿತವಾಗಿತ್ತು. ಆ ಪುಟದಿಂದ ಆಚೆಗೆ ಅದನ್ನು ಯಾರಾದರೂ ಬಳಸಿದ ದಾಖಲೆ ಇಲ್ಲ. ಊರಿಗೆಲ್ಲ ಅವನು ಗೊತ್ತಪ್ಪ. ಯಾರು ಏನು ಹೇಳಲು ಬಾಯಿ ತೆರೆದರೂ ಮಾತು ಅರ್ಧಕ್ಕೆ ಬರುವ ಮೊದಲೇ "ಗೊತ್ತು, ಗೊತ್ತು" ಎಂದುಬಿಡುತ್ತಿದ್ದ. ಇಪ್ಪತ್ತಾರು ವರ್ಷ ಆರೋಗ್ಯ ಕೇಂದ್ರದಲ್ಲಿ ಕೆಮ್ಮಿನ ಔಷಧಿ ಬೆರೆಸಿ ಕೊಟ್ಟು, ರೋಗಿಯ ದೂರು ಮುಗಿಯುವುದರೊಳಗೆ ಸರಿಯಾದ ಸೀಸೆಗೆ ಕೈಹಾಕಿ ರೂಢಿಯಾಗಿ, ಪ್ರಪಂಚದ ಉಳಿದ ವಿಷಯಗಳೂ ಕೆಮ್ಮಿನಂತೆಯೇ ಇರುತ್ತವೆ ಎಂದು ಅವನು ತೀರ್ಮಾನಿಸಿದ್ದ.

ಕೇಂದ್ರದ ಕಟ್ಟಡಕ್ಕೆ ಅವನಿಗಿಂತ ವಯಸ್ಸಾಗಿತ್ತು. ಚಾವಣಿಯ ಗಾರೆ ದಿನಕ್ಕಿಷ್ಟು ಎಂದು ಲೆಕ್ಕವಿಟ್ಟಂತೆ ಉದುರುತ್ತಿತ್ತು. ಹೆರಿಗೆ ಕೋಣೆಗೆ ಬೀಗ ಬಿದ್ದು ಆರು ತಿಂಗಳಾಗಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ ಡಾಕ್ಟರಮ್ಮ ಮೇಲಿನ ಕಚೇರಿಯಿಂದ ಬಂದು ಎಲ್ಲರನ್ನೂ ಸೇರಿಸಿದರು. ಎಲ್ಲರೂ ಎಂದರೆ ನರ್ಸಮ್ಮ ಮತ್ತು ಗೊತ್ತಪ್ಪ.

"ಹೊಸ ಕಟ್ಟಡ ಕೊಡ್ತಾರಂತೆ," ಎಂದರು ಡಾಕ್ಟರಮ್ಮ. "ಇಲ್ಲಿ ಕಟ್ಟೋದಲ್ಲ. ಕಾರ್ಖಾನೆಯಲ್ಲೇ ಆರು ಕೋಣೆ ತಯಾರಾಗಿ ಲಾರೀಲಿ ಬರುತ್ತೆ. ಕ್ರೇನಿಂದ ಇಳಿಸಿ ಜೋಡಿಸಿದ್ರೆ ಒಂದೇ ದಿನದಲ್ಲಿ ಆಸ್ಪತ್ರೆ. ಆದ್ರೆ ಮೂರು ತಿಂಗಳು ಟೈಮು. ಮೂರನೇ ತಿಂಗಳ ಮೂವತ್ತನೇ ತಾರೀಖು ಸಂಜೆ ಐದರೊಳಗೆ ಹೊಸ ಕಟ್ಟಡದಲ್ಲಿ ಸೇವೆ ಶುರುವಾಗ್ದೆ ಇದ್ರೆ ನಮ್ಮ ಕೇಂದ್ರ ಪಟ್ಟಣದ ಆಸ್ಪತ್ರೆ ಜೊತೆ ವಿಲೀನ. ಆರ್ಡರ್ ಆಗಲೇ ಟೈಪ್ ಆಗಿದೆಯಂತೆ, ಸಹಿ ಒಂದು ಬಾಕಿ."

"ಪಟ್ಟಣಕ್ಕೆ ಎರಡು ಬಸ್ಸು ಬದಲಾಯಿಸ್ಬೇಕು," ಎಂದರು ನರ್ಸಮ್ಮ. ಅವರ ರಿಜಿಸ್ಟರಿನಲ್ಲಿ ಆ ಹೊತ್ತಿಗೆ ಮೂವತ್ತೊಂದು ಬಸುರಿಯರ ಹೆಸರಿತ್ತು. "ನೋವು ಶುರುವಾದವಳು ಬಸ್‌ಸ್ಟಾಂಡಲ್ಲಿ ನಿಂತು ಎರಡನೇ ಬಸ್ಸು ಕಾಯ್ತಾಳಾ?"

"ಅದಕ್ಕೇ ಹೇಳ್ತಿರೋದು. ನಮ್ಮ ಕಡೆಯಿಂದ ಒಬ್ಬರು, ಒಬ್ಬರೇ, ಇದರ ಪೂರ್ತಿ ಜವಾಬ್ದಾರಿ ಹೊರಬೇಕಂತೆ. ಹತ್ತು ಜನ ಹತ್ತು ಮಾತಾಡಿದ್ರೆ ಕಾರ್ಖಾನೆಯವರು ಕೇಳಲ್ವಂತೆ. ಈ ತರದ ಕಟ್ಟಡದ ಬಗ್ಗೆ ನಮ್ಮಲ್ಲಿ ಯಾರಿಗಾದರೂ..."

"ಗೊತ್ತು, ಗೊತ್ತು," ಎಂದ ಗೊತ್ತಪ್ಪ.

ಅವನು ಹೇಳಿದ್ದು ಬಸ್ಸಿನ ವಿಷಯಕ್ಕೆ. ಆದರೆ ಡಾಕ್ಟರಮ್ಮ ಆಗಲೇ ಅವನ ಹೆಸರನ್ನು ಬರೆದುಕೊಂಡಿದ್ದರು. ಅಲ್ಲಗಳೆಯಲು ಒಂದು ಕ್ಷಣದ ಅವಕಾಶವಿತ್ತು. ಆ ಕ್ಷಣವನ್ನು ಗೊತ್ತಪ್ಪ ಕನ್ನಡಕ ಒರೆಸುವುದಕ್ಕೆ ಬಳಸಿದ.

ಮನೆಯಲ್ಲಿ ಹೆಂಡತಿ ಕೇಳಿದಳು: "ನಿಮಗೆ ಕಟ್ಟಡದ ಬಗ್ಗೆ ಏನ್ರೀ ಗೊತ್ತು? ಬಚ್ಚಲಮನೆ ಬಾಗಿಲು ಎರಡು ವರ್ಷದಿಂದ ದಾರದಲ್ಲಿ ಕಟ್ಟಿದೀರಿ."

"ಇದು ಆ ತರ ಅಲ್ಲ ಕಣೇ. ನೋಡು." ಗೊತ್ತಪ್ಪ ಮೇಜಿನ ಮೇಲೆ ಆರು ಬೆಂಕಿಪೊಟ್ಟಣ ಸಾಲಾಗಿ ಇಟ್ಟ. "ಆರು ಕೋಣೆ. ಲಾರಿಯಿಂದ ಇಳಿಯುತ್ತೆ. ಬಾಗಿಲು ಈ ಕಡೆ ಬೇಡ ಅನ್ನಿಸ್ತಾ, ಹೀಗೆ ತಿರುಗಿಸೋದು. ಹೆರಿಗೆ ಕೋಣೆ ಹಿಂದೆ ಬೇಕಾ, ತೆಗೆದು ಹಿಂದೆ ಇಡೋದು. ಮುಗೀತು!"

ಹೆಂಡತಿ ಒಂದು ಪೊಟ್ಟಣ ಎತ್ತಿ ನೋಡಿದಳು. "ಇದರಲ್ಲಿ ನಲ್ಲಿ ಎಲ್ಲಿ ಬರುತ್ತೆ?"

"ನಿನಗೆ ದೊಡ್ಡ ವಿಷಯ ಹೇಳಿದ್ರೆ ನಲ್ಲಿ ಕೇಳ್ತೀಯ."

ಬೆಂಕಿಪೊಟ್ಟಣದ ಈ ಸಿದ್ಧಾಂತ ಒಂದು ವಾರದಲ್ಲಿ ಊರೆಲ್ಲ ಹರಡಿತು. ಸಿದ್ಧಾಂತದ ಆಕರ್ಷಣೆ ಏನೆಂದರೆ ಅದರಲ್ಲಿ ಯಾರಿಗೂ ಇಲ್ಲ ಎನ್ನಬೇಕಾಗಿರಲಿಲ್ಲ. ಹೆರಿಗೆ ಕೋಣೆ ಗದ್ದಲದಿಂದ ದೂರ ಇರಲಿ ಎಂದು ನರ್ಸಮ್ಮ ಹೇಳಿದರು, ಗೊತ್ತಪ್ಪ ಆಯ್ತು ಎಂದ. ಮೂಲೆಯ ಕ್ಷೌರಿಕ ಬಂದು, ನನ್ನ ಅಂಗಡಿ ಕಡೆ ಕಿಟಕಿ ಇಡಬೇಡಿ, ಚುಚ್ಚುಮದ್ದಿನ ಚೀರಾಟ ಕೇಳಿದರೆ ನನ್ನ ಕತ್ತಿ ಜಾರುತ್ತೆ ಎಂದ, ಅವನಿಗೂ ಆಯ್ತು ಎಂದ. ದಿನವೂ ಮಂಡಿನೋವಿಗೆ ಬರುತ್ತಿದ್ದ ಅಜ್ಜಿಯನ್ನು ಊರವರು ಮಂಡಿ ಅಜ್ಜಿ ಎಂದೇ ಕರೆಯುತ್ತಿದ್ದರು. ಆಕೆ, ಪಟ್ಟಿ ಕಟ್ಟುವ ಕೋಣೆ ಬಾಗಿಲ ಪಕ್ಕದಲ್ಲೇ ಇರಬೇಕು, ಒಂದು ಹೆಜ್ಜೆ ಜಾಸ್ತಿ ಇಟ್ಟರೂ ನಾನು ಬರುವುದಿಲ್ಲ ಎಂದಳು. ಅದಕ್ಕೂ ಆಯ್ತು. ಈ ಮಾತುಗಳನ್ನೆಲ್ಲ ಒಟ್ಟಿಗೆ ಈಡೇರಿಸಲು ಒಂದೇ ಕೋಣೆ ಏಕಕಾಲಕ್ಕೆ ಮೂರು ಕಡೆ ಇರಬೇಕಾಗುತ್ತಿತ್ತು.

ಅಂಚೆಯಲ್ಲಿ ಬಂದ ನಕ್ಷೆ ಔಷಧಿ ಬೀರುವಿನ ಮೇಲೆ, ಸುತ್ತಿದ್ದು ಸುತ್ತಿದಂತೆಯೇ ಮಲಗಿತ್ತು. ಒಂದು ಮಂಗಳವಾರ ಕಾರ್ಖಾನೆಯ ಎಂಜಿನಿಯರಮ್ಮನ ಫೋನು ಬಂತು.

"ಸಾರ್, ನಕ್ಷೆ ನೋಡಿದ್ರಾ?"

"ಗೊತ್ತು, ಗೊತ್ತು."

"ಶನಿವಾರದೊಳಗೆ ಸಹಿ ಆಗಿ ನನ್ನ ಕೈಗೆ ಬರಬೇಕು. ಆಮೇಲೆ ಒಂದು ಸ್ವಿಚ್ಚು ಕೂಡ ಆಚೀಚೆ ಮಾಡೋಕಾಗಲ್ಲ."

"ಅದಕ್ಕೇನಮ್ಮ, ಬಂದ ಮೇಲೆ ತಿರುಗಿಸ್ಕೊಳ್ತೀವಿ ಬಿಡಿ."

"ಏನನ್ನ ತಿರುಗಿಸ್ತೀರಾ?"

"ಕೋಣೆಗಳನ್ನ."

"ಸಾರ್, ಒಂದೊಂದು ಕೋಣೆ ಏಳು ಟನ್ನು. ನೀರಿನ ಪೈಪು, ವೈರು ಎಲ್ಲ ಗೋಡೆಯೊಳಗೇ ಇರುತ್ತೆ. ನೆಲಕ್ಕೆ ಟೈಲ್ಸು, ಗೋಡೆಗೆ ಕನ್ನಡಿ, ಸಲೈನ್ ನೇತುಹಾಕೋ ಕೊಕ್ಕೆ, ಎಲ್ಲ ಇಲ್ಲೇ ಹಾಕಿ ಕಳಿಸ್ತೀವಿ. ಈ ಕೋಣೆ ಪೈಪು ಪಕ್ಕದ ಕೋಣೆ ಪೈಪಿಗೆ ಸರಿಯಾಗಿ ಮುಖ ಕೊಟ್ಟು ನಿಲ್ಲಬೇಕು. ನೀವು ತಿರುಗಿಸಿದ್ರೆ ಕೈತೊಳೆಯೋ ನೀರು ಮೀಟರ್ ಬೋರ್ಡಿಗೆ ಹೋಗುತ್ತೆ." ಆಕೆ ಉಸಿರು ತೆಗೆದುಕೊಂಡಳು. "ನೀವು ಕಾಂಪೌಂಡರ್ ಅಲ್ವಾ? ಕೆಮ್ಮಿನ ಔಷಧಿ ಬೆರೆಸಿದ ಮೇಲೆ ಅದರಿಂದ ಸಕ್ಕರೆ ವಾಪಸ್ ತೆಗೀತೀರಾ?"

ಗೊತ್ತಪ್ಪನಿಗೆ ಒಂದು ಶಾಸ್ತ್ರ ಪೂರ್ತಿ ಅರ್ಥವಾದದ್ದು ಆ ಒಂದು ವಾಕ್ಯದಿಂದ. ಬೆರೆಸುವುದಕ್ಕೆ ಉಳಿದಿದ್ದು ನಾಲ್ಕು ದಿನ. ಪಾತ್ರೆಗೆ ಹಾಕುತ್ತೇನೆಂದು ಅವನು ಮಾತು ಕೊಟ್ಟಿದ್ದು ಅರ್ಧ ಊರನ್ನು.

ನಕ್ಷೆ ಬಿಚ್ಚಿ ನರ್ಸಮ್ಮನ ಮುಂದೆ ಹರಡಿದ. ಅವರು ಅದನ್ನು ಉದ್ದಕ್ಕೆ ನೋಡಿ, ಅಡ್ಡಕ್ಕೆ ನೋಡಿ, ಬೆಳಕಿಗೆ ಹಿಡಿದು ನೋಡಿದರು. "ಎಕ್ಸ್-ರೇ ಆಗಿದ್ರೆ ಹೇಳ್ತಿದ್ದೆ. ಇದರಲ್ಲಿ ನಾನೆಲ್ಲಿ ನಿಲ್ತೀನಿ, ಬಸುರಿ ಎಲ್ಲಿ ಮಲಗ್ತಾಳೆ, ಅದನ್ನ ತೋರ್ಸಿ."

ಗೊತ್ತಪ್ಪನಿಗೂ ತಿಳಿಯಲಿಲ್ಲ. ತಿಳಿಯದ್ದನ್ನು ಒಪ್ಪಿಕೊಳ್ಳುವ ಅಭ್ಯಾಸವಿಲ್ಲದ ಮನುಷ್ಯ ಇಂಥ ಹೊತ್ತಿನಲ್ಲಿ ಏನಾದರೂ ದೊಡ್ಡದನ್ನೇ ಮಾಡಬೇಕಾಗುತ್ತದೆ. "ನೆಲದ ಮೇಲೆ ತೋರಿಸ್ತೀನಿ," ಎಂದ. "ನಿಜವಾದ ಅಳತೇಲಿ."

ಕೇಂದ್ರದ ಪಕ್ಕದಲ್ಲಿ ಹೊಸ ಕಟ್ಟಡಕ್ಕೆಂದು ಸಮ ಮಾಡಿದ ಜಾಗವಿತ್ತು. ಅಳೆಯಲು ಉದ್ದನೆಯ ಟೇಪಿರಲಿಲ್ಲ. ಇದ್ದದ್ದು ಹಸುಗೂಸಿನ ತಲೆಯ ಸುತ್ತಳತೆ ನೋಡುವ ಪುಟ್ಟ ಟೇಪು ಮತ್ತು ರೋಗಿಗಳ ಎತ್ತರ ಅಳೆಯುವ ಕಂಬ. ಗೊತ್ತಪ್ಪ ಬ್ಯಾಂಡೇಜು ಸುರುಳಿಗಳನ್ನು ಆ ಕಂಬಕ್ಕೆ ಹಿಡಿದು, ಮೀಟರಿಗೊಂದರಂತೆ ಗಾಯಕ್ಕೆ ಹಚ್ಚುವ ಕೆಂಪು ಔಷಧಿಯ ಚುಕ್ಕೆ ಇಟ್ಟ. ಕಟ್ಟಡ ಹನ್ನೆರಡು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲ. ಮೂಲೆಗಳಲ್ಲಿ ಗೂಟ ಹೊಡೆದು ಬ್ಯಾಂಡೇಜು ಎಳೆದು ಕಟ್ಟಿದ. ಮೂರು ಪಕ್ಕ ಮುಗಿಯುವಷ್ಟರಲ್ಲಿ ಜಾಳು ಬಟ್ಟೆಯ ಬ್ಯಾಂಡೇಜು ಖಾಲಿ. ನಾಲ್ಕನೆಯ ಪಕ್ಕಕ್ಕೆ, ಉಳುಕಿದ ಕಾಲಿಗೆ ಸುತ್ತುವ ಕಂದು ಬಣ್ಣದ ಕ್ರೇಪ್ ಬ್ಯಾಂಡೇಜು ತಂದು, ಅದಕ್ಕೂ ಹನ್ನೆರಡು ಚುಕ್ಕೆ ಇಟ್ಟು ಬಿಗಿದ. ಒಳಗೋಡೆಗಳನ್ನು ಮೂಳೆ ಮುರಿದವರಿಗೆ ಹಾಕುವ ಪ್ಲಾಸ್ಟರ್ ಪುಡಿಯಿಂದ ಎಳೆದ. ಬಾಗಿಲಿದ್ದಲ್ಲಿ ಎರಡು ಸಲೈನ್ ಸ್ಟ್ಯಾಂಡು ನಿಲ್ಲಿಸಿದ. ಬುಧವಾರ ಬೆಳಿಗ್ಗೆ ಊರು ಎದ್ದು ನೋಡುವಾಗ, ಏಟು ಬಿದ್ದು ಆರೈಕೆಯಲ್ಲಿರುವ ಕಟ್ಟಡದಂತೆ ಒಂದು ಆಸ್ಪತ್ರೆ ಎದ್ದಿತ್ತು.

ಮೊದಲು ಬಂದವಳು ಮಂಡಿ ಅಜ್ಜಿ. ಬಂದವಳು ಸಲೈನ್ ಸ್ಟ್ಯಾಂಡುಗಳ ಮುಂದೆ ನಿಂತಳು. ಅಕ್ಕಪಕ್ಕ ಎಲ್ಲಿಂದ ಬೇಕಾದರೂ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ.

"ಬಾಗಿಲು ತೆಗಿಯಪ್ಪ," ಎಂದಳು.

"ತೆಗೆದೇ ಇದೆ ಬನ್ನಿ ಅಜ್ಜಿ."

"ಹಾಗೆ ಹೇಳು ಮತ್ತೆ." ಅವಳು ಒಳಗೆ ಬಂದು, ಪುಡಿಯ ಗೆರೆಗಳ ನಡುವೆ ನೆಟ್ಟಗೆ ನಡೆದು, ಬಲಕ್ಕೆ ತಿರುಗಿ, ಪಟ್ಟಿ ಕಟ್ಟುವ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಳು. "ಹದಿನಾಲ್ಕು ಹೆಜ್ಜೆ. ಜಾಸ್ತಿಯಾಯ್ತು."

ಹತ್ತು ಗಂಟೆಗೆ ರೋಗಿಗಳೆಲ್ಲ ಅಲ್ಲೇ ಸಾಲು ಹಚ್ಚಿದರು. ಹಳೆಯ ಕಟ್ಟಡದಲ್ಲಿ ತಲೆಯ ಮೇಲೆ ಗಾರೆ ಬೀಳುತ್ತಿತ್ತು. ಇಲ್ಲಿ ಬೀಳಲು ಗಾರೆಯೇ ಇರಲಿಲ್ಲ. ಡಾಕ್ಟರಮ್ಮ ಮೊದಲು ನಕ್ಕರು, ಆಮೇಲೆ ಮೇಜು ತರಿಸಿ ಕುಳಿತು ನಾಡಿ ನೋಡತೊಡಗಿದರು. ನರ್ಸಮ್ಮ ಸ್ಟ್ರೆಚರ್ ತಳ್ಳಿಕೊಂಡು ಬಂದವರು ಹೆರಿಗೆ ಕೋಣೆಯ ತಿರುವಿನಲ್ಲಿ ನಿಂತುಬಿಟ್ಟರು.

"ಗೊತ್ತಪ್ಪ, ಇಲ್ಲಿ ಸ್ಟ್ರೆಚರ್ ತಿರುಗಲ್ಲ! ಗೋಡೆಗೆ ಗುದ್ದುತ್ತೆ!"

"ಗೆರೆ ದಾಟ್ಕೊಂಡು ಬನ್ನಿ."

"ಇವತ್ತು ದಾಟಬಹುದು. ಗೋಡೆ ಎದ್ದ ಮೇಲೆ ನೀವು ಬಂದು ಗೋಡೆ ಹಿಡ್ಕೊಳ್ತೀರಾ?"

ಇದೇ ಹೊತ್ತಿಗೆ ವಿಲೀನದ ಸಾಹೇಬರು ಬಂದರು. ಬೇರೆ ಬೇರೆ ಕಡೆ ನಾಲ್ಕು ಕೇಂದ್ರಗಳನ್ನು ಅವರು ಆಗಲೇ ವಿಲೀನ ಮಾಡಿದ್ದರು. ಐದನೆಯದರ ಆರ್ಡರ್ ಅವರ ಕಪ್ಪು ಚೀಲದಲ್ಲಿತ್ತು. ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬಂದವರು, ಬಯಲಿನಲ್ಲಿ ಕುಳಿತ ಡಾಕ್ಟರಮ್ಮನನ್ನು ಕಂಡು, ಬ್ಯಾಂಡೇಜು ದಾಟಿ ನೇರವಾಗಿ ನಡೆದರು.

"ಏಯ್!" ಎಂದಳು ಮಂಡಿ ಅಜ್ಜಿ. "ಗೋಡೆ ಕಾಣಲ್ವೇನಪ್ಪ ನಿನಗೆ? ಹೆಂಗಸರು ಪಟ್ಟಿ ಕಟ್ಟಿಸ್ಕೊಳ್ಳೋ ಕೋಣೆ ಇದು. ಬಾಗಿಲಿಂದ ಬಾ."

ಸಾಹೇಬರು ಸುತ್ತಲೂ ನೋಡಿದರು. ಸಾಲಿನಲ್ಲಿದ್ದ ನಲವತ್ತು ಜನರ ಮುಖದಲ್ಲೂ ಅದೇ ಆಕ್ಷೇಪಣೆ ಇತ್ತು. ಅವರು ಹಿಂದಕ್ಕೆ ಹೋಗಿ, ಕಟ್ಟಡವನ್ನು ಸುತ್ತು ಹಾಕಿ, ಸಲೈನ್ ಸ್ಟ್ಯಾಂಡುಗಳ ನಡುವಿನಿಂದ ಒಳಗೆ ಬಂದರು. ಬರುವಾಗ ತಲೆಯನ್ನೂ ಸ್ವಲ್ಪ ಬಗ್ಗಿಸಿದರು ಎಂದು ಕ್ಷೌರಿಕ ಇಂದಿಗೂ ಸಾಧಿಸುತ್ತಾನೆ.

ಮೂರು ದಿನ ಆ ಕಟ್ಟಡದಲ್ಲಿ ಜಗಳವೋ ಜಗಳ. ಒಂದು ಬಾಗಿಲು ತೆರೆದರೆ ನರ್ಸಮ್ಮನ ಬೆನ್ನಿಗೆ ಬಡಿಯುವಂತಿತ್ತು. ಔಷಧಿ ಕೊಡುವ ಕಿಂಡಿ ನಕ್ಷೆಯ ಪ್ರಕಾರ ಗೊತ್ತಪ್ಪನ ಹೊಟ್ಟೆಯ ಮಟ್ಟಕ್ಕಿತ್ತು. ಕ್ಷೌರಿಕನನ್ನು ಕರೆಸಿ ಅಂಗಡಿ ಕಡೆಯ ಕೋಣೆಯಲ್ಲಿ ನಿಲ್ಲಿಸಿ, ಇಲ್ಲಿ ಕಿಟಕಿ ಇಲ್ಲದಿದ್ದರೆ ನಿನ್ನ ಹೆಂಡತಿ ಹೆರುವಾಗ ಗಾಳಿ ಎಲ್ಲಿಂದ ಎಂದು ನರ್ಸಮ್ಮ ಕೇಳಿದರು. ಅವನು ತಲೆ ಕೆರೆದು, ಇರಲಿ ಬಿಡಿ ಎಂದ. ಅಜ್ಜಿಗೆ ಹದಿನಾಲ್ಕು ಹೆಜ್ಜೆ ಹನ್ನೊಂದಕ್ಕೆ ಇಳಿಯಿತು. ಅಷ್ಟನ್ನೂ ಗೊತ್ತಪ್ಪ ನಕ್ಷೆಯ ಮೇಲೆ ಕೆಂಪು ಔಷಧಿಯಲ್ಲೇ ಗುರುತು ಹಾಕಿದ. ಶನಿವಾರ ಸಹಿಯಾದ ನಕ್ಷೆ ಕಾರ್ಖಾನೆ ಸೇರಿತು. "ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ ಸಾರ್," ಎಂದಳು ಎಂಜಿನಿಯರಮ್ಮ ಫೋನಿನಲ್ಲಿ. "ಇಲ್ಲಿ ಕೆಲಸ ಶುರು. ಅಲ್ಲಿ ನೀವು ತಳಪಾಯ ಹಾಕಿಸಿ. ಎರಡೂ ಒಟ್ಟಿಗೇ ನಡೀಬೇಕು."

ಸೋಮವಾರ ವಿಲೀನದ ಸಾಹೇಬರ ಫೋನು. "ನೋಡಿ, ಯೋಚನೆ ಮಾಡಿದೆ. ತಪಾಸಣೆಗೆ ಬಂದ ಅಧಿಕಾರಿಗಳು ಕೂರೋಕೆ ಒಂದು ಪುಟ್ಟ ಕೋಣೆ ಸೇರಿಸಿಬಿಡಿ."

"ಆಗಲ್ಲ ಸಾರ್," ಎಂದ ಗೊತ್ತಪ್ಪ. ಇಪ್ಪತ್ತಾರು ವರ್ಷದಲ್ಲಿ ಮೇಲಿನವರಿಗೆ ಆ ಎರಡು ಪದ ಹೇಳಿದ್ದು ಅದೇ ಮೊದಲು. "ಔಷಧಿ ಬೆರೆಸಿ ಆಗಿದೆ."

"ಏನ್ ಬೆರೆಸಿ?"

ಗೊತ್ತಪ್ಪ ಫೋನು ಇಟ್ಟುಬಿಟ್ಟ.

ತಳಪಾಯಕ್ಕೆ ಬಂದ ಮೇಸ್ತ್ರಿ ಆ ಊರಿನ ಎಲ್ಲ ಮನೆಗಳನ್ನೂ ಕಟ್ಟಿದವನು. ಬ್ಯಾಂಡೇಜು ಸಿದ್ಧವಾಗಿಯೇ ಇದ್ದುದರಿಂದ ಅದರ ಉದ್ದಕ್ಕೂ ಅಗೆದು, ಕಟ್ಟೆ ಕಟ್ಟಿ, ಕೋಣೆಗಳನ್ನು ಹಿಡಿಯಬೇಕಾದ ಬೋಲ್ಟುಗಳನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿದ. ಗೊತ್ತಪ್ಪ ದಿನಕ್ಕೆರಡು ಸಲ ಹೋಗಿ ಕೈಕಟ್ಟಿ ನಿಂತು ನೋಡುತ್ತಿದ್ದ. ಈಗ ಅವನಿಗೆ ಊರಲ್ಲಿ ಗೌರವ ಬಂದಿತ್ತು. ಮನೆ ಕಟ್ಟುವವರು ಸಲಹೆ ಕೇಳುತ್ತಿದ್ದರು. ಹೆಂಡತಿ ಕೂಡ ಬಚ್ಚಲಮನೆ ಬಾಗಿಲಿನ ಮಾತು ನಿಲ್ಲಿಸಿದ್ದಳು.

ಮೂರನೇ ತಿಂಗಳ ಹದಿನೇಳನೇ ತಾರೀಖು ಕಾರ್ಖಾನೆಯಿಂದ ಒಂದು ಪಾರ್ಸೆಲ್ಲು ಬಂತು. ಒಳಗೆ ಉಕ್ಕಿನ ಉದ್ದ ಟೇಪು ಮತ್ತು ಒಂದು ಕಾಗದ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆದು ತಿಳಿಸಿ. ಹನ್ನೆರಡು, ಒಂಬತ್ತರ ಆಯತವಾದ್ದರಿಂದ ಎರಡೂ ಹದಿನೈದು ಮೀಟರ್ ಇರಬೇಕು. ಐದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೋಣೆಗಳು ಕೂರುವುದಿಲ್ಲ. ನಿಮ್ಮ ಉತ್ತರ ಬಂದ ಮೇಲೆ ಲಾರಿಗೆ ಏರಿಸುತ್ತೇವೆ.

ಮರುದಿನ ಬೆಳಿಗ್ಗೆ ಗೊತ್ತಪ್ಪ ಹೆಂಡತಿಯನ್ನು ಕರೆದುಕೊಂಡು ಹೋದ. ಅವಳು ಒಂದು ತುದಿ ಹಿಡಿದಳು. ಮೊದಲನೆಯದು ಹದಿನೈದು ಮೀಟರ್, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಗೊತ್ತಪ್ಪ ಮೀಸೆ ತಿರುವಿದ. ಎರಡನೆಯದು ಹದಿನೈದು ಮೀಟರ್ ಹದಿನಾರು ಸೆಂಟಿಮೀಟರ್.

"ನೆಟ್ಟಗೆ ಹಿಡಿಯೇ."

"ನೆಟ್ಟಗೇ ಹಿಡಿದಿದೀನಿ."

"ನಾನು ಆ ಕಡೆ ಬರ್ತೀನಿ, ನೀನು ಈ ಕಡೆ ಬಾ."

"ನಾವು ಜಾಗ ಬದಲಾಯಿಸಿದ್ರೆ ನೆಲ ಗಿಡ್ಡ ಆಗುತ್ತಾ?" ಎಂದಳು ಅವಳು. ಆದರೂ ಬಂದಳು. ಹದಿನಾರು ಸೆಂಟಿಮೀಟರ್ ಕೂಡ ಜೊತೆಗೇ ಬಂತು.

ನಾಲ್ಕನೆಯ ಪಕ್ಕದ ಗೂಟದಲ್ಲಿ ಕಂದು ಬ್ಯಾಂಡೇಜಿನ ಒಂದು ತುದಿ ಇನ್ನೂ ನೇತಾಡುತ್ತಿತ್ತು. ಅವಳು ಸುಮ್ಮನೆ ಅದನ್ನು ಹಿಡಿದು ಎಳೆದಳು. ಬಿಟ್ಟಳು. ಅದು ಚಟ್ಟನೆ ಹಿಂದಕ್ಕೆ ಹೋಯಿತು. ಗಂಡ ಹೆಂಡತಿ ಇಬ್ಬರೂ ಅದನ್ನು ಸ್ವಲ್ಪ ಹೊತ್ತು ನೋಡಿದರು.

"ರೀ," ಎಂದಳು ಅವಳು, "ಇದು ಹಿಗ್ಗುತ್ತೆ."

ಗೊತ್ತಪ್ಪ ಕಟ್ಟೆಯ ಮೇಲೆ ಕುಳಿತ. ಬಿಗಿದು ಕಟ್ಟಿದ ಹನ್ನೆರಡು ಚುಕ್ಕೆಯ ಪಕ್ಕ ಒಂದು ಗೇಣಿನಷ್ಟು ಉದ್ದವಾಗಿ, ಒಂದು ಮೂಲೆಯನ್ನು ಹೊರಗೆ ತಳ್ಳಿತ್ತು. ಉಳುಕಿದ ಕಾಲಿಗೆಂದು ಇದ್ದ ಬ್ಯಾಂಡೇಜು ಆಸ್ಪತ್ರೆಯನ್ನೇ ಉಳುಕಿಸಿತ್ತು.

ಅಷ್ಟರಲ್ಲಿ ಮೇಸ್ತ್ರಿಯೂ ಕ್ಷೌರಿಕನೂ ಬಂದರು.

"ನೀವು ಕಟ್ಟಿದ ದಾರಕ್ಕೆ ನಾನು ಕಟ್ಟೆ ಕಟ್ಟಿದೀನಿ. ದಾರ ರಬ್ಬರ್ ಆದ್ರೆ ನಾನೇನ್ ಮಾಡ್ಲಿ?" ಎಂದ ಮೇಸ್ತ್ರಿ. "ಹೋಗ್ಲಿ, ಹದಿನಾರು ಸೆಂಟಿಮೀಟರಿಗೆ ಯಾಕ್ರೀ ಮುಖ ಹೀಗೆ ಮಾಡ್ತೀರಿ? ಕೋಣೆ ಬಂದು ಕೂತ ಮೇಲೆ ಸಂದಿಗೆ ಸಿಮೆಂಟು ತುಂಬ್ತೀನಿ. ನನ್ನ ಮನೆ ಗೋಡೆ ಒಂದು ಗೇಣು ವಾರೆ ಇದೆ. ಅದರಲ್ಲೇ ನಾಲ್ಕು ಮಕ್ಕಳು ನೆಟ್ಟಗೆ ಬೆಳೆದಿಲ್ವಾ?"

"ಕಾರ್ಖಾನೆಯವರಿಗೆ ಹದಿನೈದು, ಹದಿನೈದು ಅಂತ ಬರೆದುಹಾಕಿ ಅಣ್ಣ," ಎಂದ ಕ್ಷೌರಿಕ. "ಲಾರಿ ಬಂದು ನಿಂತ ಮೇಲೆ ವಾಪಸ್ ಹೋಗ್ತಾರಾ? ಅವರೇ ಏನೋ ಒಂದು ಮಾಡ್ತಾರೆ."

ಗೊತ್ತಪ್ಪ ಕಾಗದ ನೋಡಿದ. ಹದಿನೈದು, ಹದಿನೈದು ಎಂದು ಬರೆಯಲು ಅರ್ಧ ನಿಮಿಷ ಸಾಕು. ಬರೆದರೆ ಮೂವತ್ತನೇ ತಾರೀಖಿನವರೆಗೆ ಊರಲ್ಲಿ ಅವನೇ ಎಂಜಿನಿಯರು. ಆಮೇಲೆ ಏಳು ಟನ್ನಿನ ಕೋಣೆ ಕ್ರೇನಿನಲ್ಲಿ ನೇತಾಡುತ್ತಾ ಕೂರಲು ಜಾಗ ಹುಡುಕುವುದು, ಸಾಹೇಬರು ಕಪ್ಪು ಚೀಲ ತೆರೆಯುವುದು, ಇವೆರಡೂ ಅವನ ಕಣ್ಣ ಮುಂದೆ ಬಂದವು. ನರ್ಸಮ್ಮನ ರಿಜಿಸ್ಟರಿನ ಬಸುರಿಯರೆಲ್ಲ ಬಂದು ಬಸ್‌ಸ್ಟಾಂಡಿನಲ್ಲಿ ಸಾಲಾಗಿ ನಿಂತರು.

"ಫೋನ್ ಮಾಡಿ," ಎಂದಳು ಹೆಂಡತಿ.

"ಏನಂತ ಹೇಳಲೇ?"

"ಇದ್ದದ್ದು ಇದ್ದಹಾಗೆ. ನಿಮಗೆ ಅದು ಹೊಸದು, ನಿಧಾನವಾಗಿ ಹೇಳಿ."

ಅವನು ಫೋನು ಮಾಡಿದ. "ಅಮ್ಮ, ನಾನು ಕಾಂಪೌಂಡರ್. ಒಂದು ಮೂಲೆ ತಪ್ಪಾಗಿದೆ. ಹದಿನಾರು ಸೆಂಟಿಮೀಟರ್. ನನಗೆ ಗೊತ್ತಾಗಲಿಲ್ಲ. ಈ ಕೆಲಸದಲ್ಲಿ ನನಗೆ ಏನೂ ಗೊತ್ತಿಲ್ಲ. ಬ್ಯಾಂಡೇಜಲ್ಲಿ ಅಳೆದೆ."

"ಯಾವುದರಲ್ಲಿ?"

"ಕ್ರೇಪ್ ಬ್ಯಾಂಡೇಜಲ್ಲಿ. ಉಳುಕಿಗೆ ಕಟ್ಟೋದು."

ಆ ಕಡೆಯಿಂದ ವಿಚಿತ್ರವಾದ ಸದ್ದು ಬಂತು. ಅಳುವೋ ನಗುವೋ ತಿಳಿಯಲಿಲ್ಲ. ಆಮೇಲೆ ಆಕೆ ಹೇಳಿದಳು: "ಸದ್ಯ, ಈಗಲೇ ಹೇಳಿದ್ರಿ! ಹೋದ ವರ್ಷ ಒಂದು ಕಡೆ ಸರಿ ಇದೆ, ಸರಿ ಇದೆ ಅಂದ್ರು. ಲಾರಿ ಬಂದ ಮೇಲೆ ನೋಡಿದ್ರೆ ಕೂರಲ್ಲ. ಕೋಣೆಗಳು ಎರಡು ತಿಂಗಳು ರಸ್ತೆ ಪಕ್ಕ ಅನಾಥವಾಗಿ ನಿಂತಿದ್ವು. ನಿಮಗೆ ಇನ್ನೂ ಹನ್ನೆರಡು ದಿನ ಇದೆ. ಒಂದು ಮೂಲೆ ಒಡೆದರೆ ಸಾಕು. ನಾನೇ ಬರ್ತೀನಿ, ನಾನು ಬರೋವರೆಗೆ ಯಾವುದಕ್ಕೂ ಯಾವ ಬ್ಯಾಂಡೇಜೂ ಕಟ್ಟಬೇಡಿ."

ಎಂಜಿನಿಯರಮ್ಮ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ಇಷ್ಟು ದೊಡ್ಡ ವಿಷಯಗಳನ್ನು ಮಾತಾಡುತ್ತಿದ್ದವಳು ಮೇಸ್ತ್ರಿಯ ಭುಜದಷ್ಟು ಎತ್ತರವಿದ್ದಳು. ಐದು ಮಿಲಿಮೀಟರ್ ಎಂದಾಗ ಮೇಸ್ತ್ರಿ ನಕ್ಕ. ಅವಳು ನಗದೆ ಒಂದು ಬೋಲ್ಟು ಅವನ ಕೈಗೆ ಕೊಟ್ಟು, ಒಂದು ಕಬ್ಬಿಣದ ಫಲಕ ತೋರಿಸಿದಳು. "ಕೋಣೆಯ ಕಾಲಲ್ಲಿ ಇರೋ ತೂತು ಇಷ್ಟೇ ಮೇಸ್ತ್ರಿಗಳೇ. ತೂರಿಸಿ ನೋಡೋಣ." ಅವನು ತೂರಿಸಿದ, ಅದು ಒಂದಿಷ್ಟೂ ಆಚೀಚೆ ಅಲ್ಲಾಡಲಿಲ್ಲ. ಆಮೇಲೆ ಅವನು ನಗಲಿಲ್ಲ. ಸುತ್ತಿಗೆ ತೆಗೆದುಕೊಂಡು ತಾನೇ ಕಟ್ಟಿದ ಮೂಲೆಯನ್ನು, ಅದರ ಎರಡೂ ಪಕ್ಕದ ಕಟ್ಟೆಯನ್ನು ತಾನೇ ಒಡೆದ. ಹೊಸ ಕಾಂಕ್ರೀಟು ಹಾಕುವಾಗ ಉಕ್ಕಿನ ಟೇಪನ್ನು ಯಾರ ಕೈಗೂ ಕೊಡದೆ ಕೊರಳಿಗೆ ಹಾಕಿಕೊಂಡಿದ್ದ.

ಕಾಂಕ್ರೀಟು ಗಟ್ಟಿಯಾಗುವವರೆಗೆ ಅವಳು ಸುಮ್ಮನೆ ಕೂರಲಿಲ್ಲ. ಲಾರಿಯ ಅಗಲಕ್ಕೆ ಸರಿಯಾಗಿ ಒಂದು ಬಿದಿರಿನ ಗಳ ಕತ್ತರಿಸಿ, ಅದನ್ನು ಅಡ್ಡಲಾಗಿ ಹಿಡಿದು ದೊಡ್ಡ ರಸ್ತೆಯಿಂದ ಕೇಂದ್ರದವರೆಗೆ ನಡೆಯಿರಿ ಎಂದಳು. ಒಂದು ತುದಿ ಗೊತ್ತಪ್ಪ, ಇನ್ನೊಂದು ತುದಿ ಹೆಂಡತಿ. "ಮದುವೆಯಾಗಿ ಇಷ್ಟು ವರ್ಷಕ್ಕೆ ಇಬ್ಬರೂ ಒಂದೇ ದಿಕ್ಕಿಗೆ ಹೋಗ್ತಿರೋದು ನೋಡಿದ್ವಿ," ಎಂದು ಬೀದಿಯವರು ಬಾಗಿಲಿಗೆ ಬಂದು ನಿಂತು ಹೇಳಿದರು. ಗಳ ಎಲ್ಲ ಕಡೆ ದಾಟಿ, ಕ್ಷೌರಿಕನ ಅಂಗಡಿಯ ಬೋರ್ಡಿಗೆ ತಾಗಿ ನಿಂತಿತು. ಕ್ಷೌರಿಕ ಬೋರ್ಡು ನೋಡಿದ, ಗಳ ನೋಡಿದ, ಒಳಗೆ ಹೋಗಿ ಏಣಿ ತಂದ.

ಮೂವತ್ತನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಮೊದಲ ಲಾರಿ ಬಂತು. ಕೋಣೆಯೊಂದು ಕಿಟಕಿ, ಬಾಗಿಲು, ಒಳಗಿನ ಕನ್ನಡಿ ಸಮೇತ ಬೀದಿಯಲ್ಲಿ ಮೆರವಣಿಗೆ ಹೊರಟಂತೆ ಬರುವುದನ್ನು ಊರು ಬಾಯಿ ಮುಚ್ಚಿಕೊಂಡು ನೋಡಿತು. ಆ ಊರಿಗೆ ಅದೂ ಹೊಸದೇ. ಯಾವ ಕೋಣೆ ಮೊದಲು, ಯಾವುದು ನಂತರ ಎಂದು ಲಾರಿಗಳು ಸರದಿಯಲ್ಲೇ ಬಂದಿದ್ದವು. ಕ್ರೇನು ಎತ್ತಿತು, ಇಳಿಸಿತು. ಮೇಸ್ತ್ರಿ ಪ್ರತಿ ಬೋಲ್ಟಿನ ಬಳಿ ಬಗ್ಗಿ ಕುಳಿತು "ಇಳಿಸಿ, ಇಳಿಸಿ, ಕೂತ್ಕೊಳ್ತು!" ಎಂದು ಕೂಗುತ್ತಿದ್ದ. ವಿಲೀನದ ಸಾಹೇಬರು ಕಪ್ಪು ಚೀಲವನ್ನು ಎದೆಗೆ ಒತ್ತಿಕೊಂಡು ಬಿಸಿಲಲ್ಲೇ ನಿಂತಿದ್ದರು. ನೆರಳಿಗೆ ಬನ್ನಿ ಸಾರ್ ಎಂದರೆ ಬರಲಿಲ್ಲ; ಪ್ರತಿ ಕೋಣೆ ಗಾಳಿಯಲ್ಲಿ ತೂಗಿದಾಗಲೂ ಅವರ ಉಸಿರು ನಿಲ್ಲುತ್ತಿತ್ತು.

ಮೂರು ಗಂಟೆಗೆ ಆರನೆಯ ಕೋಣೆ, ಒಡೆದು ಕಟ್ಟಿದ ಮೂಲೆಯ ಮೇಲೆ ಇಳಿಯತೊಡಗಿತು. ಗೊತ್ತಪ್ಪ ಕಣ್ಣು ಮುಚ್ಚಿಕೊಂಡ. ಆಮೇಲೆ ಎಂಜಿನಿಯರಮ್ಮನ ಧ್ವನಿ: "ಸಾರ್, ಬನ್ನಿ. ಈ ನಟ್ಟು ನೀವೇ ತಿರುಗಿಸಿ." ಅವನು ಬೆರಳಲ್ಲೇ ತಿರುಗಿಸಿದ. ಎಲ್ಲೂ ತಡೆಯದೆ ಕೊನೆಯವರೆಗೆ ಹೋಯಿತು.

ಪೈಪಿಗೆ ಪೈಪು, ವೈರಿಗೆ ವೈರು ಸೇರಿ, ನರ್ಸಮ್ಮ ನಲ್ಲಿ ತಿರುಗಿಸಿದಾಗ ನೀರು ಬಂದು, ದೀಪ ಹತ್ತಿದಾಗ ನಾಲ್ಕೂವರೆ. ಊರು ಚಪ್ಪಾಳೆ ತಟ್ಟಿತು. ಸಾಹೇಬರು ಚೀಲದಿಂದ ಒಂದು ಫಾರಂ ತೆಗೆದರು.

"ಎಲ್ಲ ಸರಿ. ಆದ್ರೆ ನಿಯಮದ ಪ್ರಕಾರ ಕಟ್ಟಡ ಬಂದ್ರೆ ಸಾಲದು. ಸೇವೆ ಶುರುವಾಗಿರಬೇಕು. ಐದರೊಳಗೆ ಒಬ್ಬ ರೋಗಿ ರಿಜಿಸ್ಟರಿನಲ್ಲಿ ದಾಖಲಾಗಬೇಕು. ನಿಜವಾದ ರೋಗಿ."

ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಇನ್ನೂರು ಜನರಿದ್ದರು, ಎಲ್ಲರೂ ಸಂತೋಷದಿಂದ ಕಲ್ಲುಗುಂಡಿನಂತಿದ್ದರು. ರಿಜಿಸ್ಟರಿನ ಬಸುರಿಯರಲ್ಲಿ ಯಾರಿಗೂ ಅಂದು ಮುಹೂರ್ತವಿರಲಿಲ್ಲ. ಕ್ಷೌರಿಕ ಕೆಮ್ಮಿ ತೋರಿಸಿದ. ಇಷ್ಟು ಕೆಟ್ಟ ಕೆಮ್ಮನ್ನು ಗೊತ್ತಪ್ಪ ತನ್ನ ಸೇವಾವಧಿಯಲ್ಲೇ ಕೇಳಿರಲಿಲ್ಲ, ಸಾಹೇಬರು ಒಪ್ಪದೆ ತಲೆಯಾಡಿಸಿದರು. ಎಲ್ಲರ ಕಣ್ಣು ಮಂಡಿ ಅಜ್ಜಿಯ ಕಡೆ ಹೋಯಿತು.

"ಏನು ನೋಡ್ತೀರಿ? ಬೆಳಿಗ್ಗೆಯಿಂದ ಕ್ರೇನು ನೋಡಿ ನೋಡಿ ನೋವೇ ಮರೆತುಹೋಗಿದೆ," ಎಂದಳು ಅಜ್ಜಿ. "ಸುಳ್ಳು ಹೇಳಿ ಹೊಸ ಮನೆ ಒಳಗೆ ಹೋಗಲ್ಲ ನಾನು."

ನಾಲ್ಕು ನಲವತ್ತು. ಸಾಹೇಬರು ಕೈಗಡಿಯಾರ ನೋಡಿ ಏನೋ ಹೇಳಲು ಹೋದರು. ಹೇಳಲಿಲ್ಲ. ಹಣೆ ಒರೆಸಿಕೊಂಡರು, ಗೋಡೆ ಹಿಡಿದುಕೊಂಡರು. ಈ ಸಲ ಹಿಡಿದುಕೊಳ್ಳಲು ಗೋಡೆ ಇತ್ತು.

"ಯಾಕೆ ಸಾರ್?" ಎಂದ ಗೊತ್ತಪ್ಪ.

"ಏನಿಲ್ಲ, ಸ್ವಲ್ಪ ತಲೆ..."

ಗೊತ್ತಪ್ಪ ಆ ಮಾತು ಮುಗಿಯುವವರೆಗೂ ಕಾದ. ಬೆಳಿಗ್ಗೆಯಿಂದ ನೀರು ಕುಡಿದಿಲ್ಲ, ಹೋದ ವಾರವೇ ಬಿಪಿ ಮಾತ್ರೆ ಮುಗಿದಿದೆ, ತರಲು ಪುರುಸೊತ್ತಾಗಿಲ್ಲ, ಎಲ್ಲವನ್ನೂ ಕೇಳಿಸಿಕೊಂಡ. ನಂತರ ತೋಳು ಹಿಡಿದು ಒಳಗೆ ಕರೆದೊಯ್ದ. ನರ್ಸಮ್ಮ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು, ನೂರ ಎಪ್ಪತ್ತೆಂಟು. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, "ಗಾಬರಿ ಬೇಡ. ಆದ್ರೆ ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು," ಎಂದರು.

"ನನ್ನ ಹೆಸರು ರಿಜಿಸ್ಟರಿನಲ್ಲಿ ಬೇಡ," ಎಂದರು ಸಾಹೇಬರು.

"ಹೆಸರಿಲ್ಲದೆ ಮಾತ್ರೆ ಕೊಡೋಕಾಗಲ್ಲ ಸಾರ್, ನಿಯಮ," ಎಂದ ಗೊತ್ತಪ್ಪ.

ಸಾಹೇಬರು ಚಾವಣಿ ನೋಡಿದರು. ಅದರಿಂದ ಏನೂ ಉದುರಲಿಲ್ಲ. "ಬರೀರಿ," ಎಂದರು.

ನರ್ಸಮ್ಮ ಕ್ರಮಸಂಖ್ಯೆ ಒಂದು ಎಂದು ಬರೆದು, ಹೆಸರು ಬರೆದು, ಹೊತ್ತು ಬರೆದರು. ಇನ್ನು ಫಾರಮ್ಮಿಗೆ ಸಹಿ. ಸಾಹೇಬರು ಮಲಗಿಕೊಂಡೇ ಫಾರಂ ಮೇಲೆತ್ತಿ ಪೆನ್ನು ಒತ್ತಿದರು. ಪೆನ್ನು ಬರೆಯಲಿಲ್ಲ. ತಲೆಕೆಳಗಾದ ಪೆನ್ನಿನಲ್ಲಿ ಶಾಯಿ ತುದಿಗೆ ಇಳಿಯುವುದಿಲ್ಲ ಎಂಬ ಪ್ರಕೃತಿ ನಿಯಮ, ಇಲಾಖೆಯ ನಿಯಮಕ್ಕಿಂತ ಕಟ್ಟುನಿಟ್ಟು. ಅವರು ಏಳಲು ಹೋದರು.

"ಮಲಗಿ ಸಾರ್!" ಎಂದರು ನರ್ಸಮ್ಮ.

"ನಾಲ್ಕು ಐವತ್ತೈದಮ್ಮ! ಐದಾದ್ರೆ ಇನ್ನೊಂದು ಆರ್ಡರಿಗೆ ಸಹಿ ಹಾಕಬೇಕಾಗುತ್ತೆ, ನನ್ನ ಕೈಲಾಗಲ್ಲ!"

ಎಲ್ಲರೂ ಡಾಕ್ಟರಮ್ಮನ ಕಡೆ ನೋಡಿದರು. ಅವರು ವೈದ್ಯಶಾಸ್ತ್ರವನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿ, "ಎಡ ಮಗ್ಗುಲಿಗೆ ಹೊರಳಬಹುದು," ಎಂದರು.

ಗೊತ್ತಪ್ಪ ಒಂದು ಕಡೆ, ಮೇಸ್ತ್ರಿ ಒಂದು ಕಡೆ ಹಿಡಿದು, ಕ್ರೇನಿನಷ್ಟೇ ನಿಧಾನವಾಗಿ ಸಾಹೇಬರನ್ನು ಹೊರಳಿಸಿದರು. ನರ್ಸಮ್ಮ ರಿಜಿಸ್ಟರನ್ನು ಕೆಳಗೆ ಹಿಡಿದು ಅದರ ಮೇಲೆ ಫಾರಂ ಇಟ್ಟರು. ಕಿಟಕಿಯಾಚೆ ಇನ್ನೂರು ಜನ ಉಸಿರು ಬಿಗಿಹಿಡಿದು ನಿಂತರು. ಸಾಹೇಬರು ಸಹಿ ಹಾಕಿದರು. ತಾರೀಖು ಹಾಕಿದರು. ಕೊನೆಯಲ್ಲಿ ಅಭಿಪ್ರಾಯ ಬರೆಯುವ 'ಷರಾ' ಎಂಬ ಕಾಲಮ್ಮು ಖಾಲಿ ಇತ್ತು. ಖಾಲಿ ಬಿಡುವುದು ಅವರ ಅಭ್ಯಾಸವಲ್ಲ. ಸ್ವಲ್ಪ ಯೋಚಿಸಿ, ದಿಂಬಿನ ಮೇಲೆ ಕೆನ್ನೆ ಸರಿಪಡಿಸಿಕೊಂಡು, ದುಂಡು ಅಕ್ಷರಗಳಲ್ಲಿ ಬರೆದರು:

"ಸೇವೆ ಶುರುವಾಗಿದೆ. ಹಾಸಿಗೆ ಚೆನ್ನಾಗಿದೆ."